ಕೀಮೋ ಸುಸ್ತಿಗೆ ಹಾಸಿಗೆಯೇ ಮದ್ದೇ?

"ಕೀಮೋ ಮುಗಿಯುವವರೆಗೆ ಹಾಸಿಗೆ ಬಿಟ್ಟು ಏಳಬೇಡ." ಅಂಡಾಶಯದ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆಯುವ ಹಲವು ಮಹಿಳೆಯರು ಕೇಳುವ ಮಾತಿದು. ಹೇಳುವವರದು ಕಾಳಜಿಯೇ, ಆದರೆ ಸಲಹೆ ಸರಿಯಲ್ಲ.

ಈ ಸುಸ್ತು ಸೋಮಾರಿತನವಲ್ಲ; ನಿದ್ದೆ ಮಾಡಿದರೂ ಹೋಗುವುದಿಲ್ಲ. ದಿನವಿಡೀ ಮಲಗಿದರೆ ಸ್ನಾಯುಗಳ ಬಲ ಕುಗ್ಗುತ್ತದೆ, ರಾತ್ರಿ ನಿದ್ದೆ ಕೆಡುತ್ತದೆ, ಸುಸ್ತು ಇನ್ನೂ ಹೆಚ್ಚುತ್ತದೆ.

ವಿವಿಧ ಕ್ಯಾನ್ಸರ್‌ಗಳ 113 ಅಧ್ಯಯನಗಳನ್ನು ಒಟ್ಟಿಗೆ ನೋಡಿದ ವಿಶ್ಲೇಷಣೆಯೊಂದು 2017ರಲ್ಲಿ 'ಜಾಮಾ ಆಂಕಾಲಜಿ' ಪತ್ರಿಕೆಯಲ್ಲಿ ಬಂತು. ಸುಸ್ತು ತಗ್ಗಿಸಲು ಔಷಧಗಳಿಗಿಂತ ವ್ಯಾಯಾಮ ಮತ್ತು ಮಾನಸಿಕ ಬೆಂಬಲವೇ ಹೆಚ್ಚು ನೆರವಾಗುತ್ತವೆ ಎಂದು ಅದು ತೋರಿಸಿತು.

ಏನು ಮಾಡಬಹುದು?

• ವೈದ್ಯರನ್ನು ಕೇಳಿ, 5–10 ನಿಮಿಷದ ನಡಿಗೆಯಿಂದ ಶುರುಮಾಡಿ. ಪಾದ ಜೋಮು ಹಿಡಿಯುತ್ತಿದ್ದರೆ ಜೊತೆಗೊಬ್ಬರು ಇರಲಿ.
• ಶಕ್ತಿ ಇರುವ ಹೊತ್ತಿನಲ್ಲಿ ಮುಖ್ಯ ಕೆಲಸ ಮಾಡಿ. ಉಳಿದದ್ದನ್ನು ಮನೆಯವರಿಗೆ ಬಿಡಿ.
• ಹಗಲು ನಿದ್ದೆ ಚಿಕ್ಕದಾಗಿರಲಿ.
• "ನನ್ನಿಂದ ಏನೂ ಆಗಲ್ಲ" ಎಂಬ ಯೋಚನೆ ಕಾಡಿದರೆ ಆಪ್ತಸಮಾಲೋಚಕರೊಂದಿಗೆ ಮಾತಾಡಿ.

ಸುಸ್ತನ್ನು ವೈದ್ಯರಿಂದ ಮುಚ್ಚಿಡಬೇಡಿ. ಅದರ ಹಿಂದೆ ರಕ್ತಹೀನತೆ, ಥೈರಾಯ್ಡ್ ಅಥವಾ ಖಿನ್ನತೆ ಇರಬಹುದು, ಅವಕ್ಕೆ ಚಿಕಿತ್ಸೆಯಿದೆ. ಜ್ವರ, ಎದೆನೋವು, ಉಸಿರಾಟದ ತೊಂದರೆ ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಿ.

ಮನೆಯವರೇ, "ಮಲಗಿರು" ಎನ್ನುವ ಬದಲು "ಬಾ, ಅಂಗಳದವರೆಗೆ ಹೋಗಿಬರೋಣ" ಎನ್ನಿ.