ಜಗಲಿಗೊಂದು ಗಣಕಯಂತ್ರ: ಯಾವುದನ್ನು ತರೋಣ?



ಈ ಸಲ ಅಡಿಕೆ ಕೊಯ್ಲಿನ ದುಡ್ಡು ಬಂದರೆ ಕಂಪ್ಯೂಟರ್ ತರುವುದೆಂದು ನಮ್ಮ ಕ್ಲಾಸಿನ ಮೂರ್ನಾಲ್ಕು ಮನೆಗಳಲ್ಲಿ ಮಾತು ನಡೆದಿದೆ. ಮಾತು ನಡೆದಿದೆ ಎಂದರೆ ಜಗಳ ನಡೆದಿದೆ ಅಂತಲೇ ಅರ್ಥ. ಅಪ್ಪಯ್ಯಂದಿರು "ಮೊಬೈಲ್ ಇದ್ಯಲ್ಲ, ಮತ್ತೆಂತಕ್ಕೆ?" ಅನ್ನುತ್ತಾರೆ. ಅಣ್ಣಂದಿರಿಗೆ ಲ್ಯಾಪ್‌ಟಾಪೇ ಆಗಬೇಕು. ಪೇಟೆಯ ಅಂಗಡಿಯವರು ಜಿ.ಬಿ., ಗಿಗಾಹರ್ಟ್ಸ್ ಅಂತ ಪಂಚಾಂಗ ಓದಿದ ಹಾಗೆ ಓದುತ್ತಾರೆ. ಅದರ ಮುಂದೆ ಕೂತು ಓದಬೇಕಾದ ನಮ್ಮನ್ನು ಮಾತ್ರ ಯಾರೂ ಕೇಳುವುದಿಲ್ಲ. ಅದಕ್ಕೇ ಈ ಗೋಡೆಯ ಮೇಲೆ ನನ್ನ ಅಭಿಪ್ರಾಯ ಬರೆಯುತ್ತಿದ್ದೇನೆ. ಒಪ್ಪದವರು ಮುಂದಿನ ಸಂಚಿಕೆಯಲ್ಲಿ ಬರೆಯಿರಿ, ನಾನು ಓದುತ್ತೇನೆ.

ಮೇಜಿನ ಮೇಲೆ ಕೂರುವ ಡೆಸ್ಕ್‌ಟಾಪೇ ಬೇಕು ಎಂಬುದು ನನ್ನ ಮಾತು. ಹಳೆಯದಾದರೂ ಅಡ್ಡಿಯಿಲ್ಲ, ಆದರೆ ಜಗಲಿಯಲ್ಲಿರಬೇಕು. ಎಂತಕ್ಕೆ ಅಂದರೆ, ಅದನ್ನು ಯಾರೂ ಎತ್ತಿಕೊಂಡು ಹೋಗಲು ಆಗುವುದಿಲ್ಲ!

ನಗಬೇಡಿ. 2020ರ ಮಾರ್ಚಿನಲ್ಲಿ ಶಾಲೆಗಳು ಮುಚ್ಚಿದಾಗ ನಾವೆಲ್ಲ ಸಣ್ಣವರು. ಆಗ ಪಾಠ ಮೊಬೈಲಿಗೆ ಬಂತು. ಎಷ್ಟೋ ಮನೆಗಳಲ್ಲಿ ಇದ್ದದ್ದು ಒಂದೇ ಮೊಬೈಲು. ಅದು ಬೆಳಿಗ್ಗೆ ಅಪ್ಪಯ್ಯನ ಜೇಬಿನಲ್ಲಿ ತೋಟಕ್ಕೆ ಹೋಗುತ್ತಿತ್ತು, ಮಧ್ಯಾಹ್ನ ಸೊಸೈಟಿಗೆ ಹೋಗುತ್ತಿತ್ತು, ರಾತ್ರಿ ಮನೆಗೆ ಬಂದಾಗ ಚಾರ್ಜ್ ಇರುತ್ತಿರಲಿಲ್ಲ. ಇದ್ದಾಗಲೂ ಮೊದಲು ಅಣ್ಣನಿಗೆ, ಆಮೇಲೆ ತಮ್ಮನಿಗೆ, ಕೊನೆಗೆ ಹೆಣ್ಣುಮಕ್ಕಳಿಗೆ. ಈಗಲೂ ಈ ಸರದಿ ಬಹಳ ಬದಲಾಗಿಲ್ಲ ಎಂದು ನಮ್ಮ ಬೆಂಚಿನವರೆಲ್ಲ ಹೇಳುತ್ತಾರೆ. ಲ್ಯಾಪ್‌ಟಾಪಿನ ಕಥೆಯೂ ಇಷ್ಟೇ. "ಮಕ್ಕಳ ಓದಿಗೆ" ಎಂದು ಸಾಲ ಮಾಡಿ ತರುತ್ತಾರೆ. ಅಣ್ಣನಿಗೆ ಶಿವಮೊಗ್ಗದಲ್ಲೋ ಮಂಗಳೂರಿನಲ್ಲೋ ಸೀಟು ಸಿಕ್ಕ ದಿನ ಅದು ಅವನ ಬ್ಯಾಗಿನೊಳಗೆ ಹಾಸ್ಟೆಲಿಗೆ ಹೊರಡುತ್ತದೆ. ಮನೆಯಲ್ಲಿ ಉಳಿಯುವುದು ಅದರ ಡಬ್ಬ, ಮತ್ತು ನಾವು. ಡೆಸ್ಕ್‌ಟಾಪು ಹಾಗಲ್ಲ. ಪರದೆ, ಪೆಟ್ಟಿಗೆ, ವೈರುಗಳು ಎಲ್ಲ ಸೇರಿ ಅದು ಮನೆಗೇ ಕಟ್ಟಿ ಹಾಕಿದ ಹಸುವಿನ ಹಾಗೆ. ಮನೆಯಲ್ಲಿ ಇರುವವರಿಗೆ ಸಿಗುತ್ತದೆ. ಅಮ್ಮನೂ ಪಹಣಿ ನೋಡಬಹುದು.

ಇನ್ನು ಮೊಬೈಲ್ ಸಾಕು ಎನ್ನುವವರಿಗೆ ಒಂದು ಪ್ರಶ್ನೆ. ನಮ್ಮ ಪಠ್ಯಪುಸ್ತಕಗಳೆಲ್ಲ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಪುಕ್ಕಟೆ ಇವೆ, ಮಾದರಿ ಪ್ರಶ್ನೆಪತ್ರಿಕೆಗಳು ಪರೀಕ್ಷಾ ಮಂಡಳಿಯ ತಾಣದಲ್ಲಿ ಇವೆ. ಅಂಗೈಯಗಲದ ಪರದೆಯಲ್ಲಿ ರೇಖಾಗಣಿತದ ಒಂದು ಪುಟವನ್ನು ಪೂರ್ತಿ ಕಂಡವರು ಯಾರಾದರೂ ಇದ್ದೀರಾ? ಚಿತ್ರ ಕಂಡರೆ ಪ್ರಶ್ನೆ ಕಾಣುವುದಿಲ್ಲ, ಪ್ರಶ್ನೆ ಕಂಡರೆ ಚಿತ್ರ ಕಾಣುವುದಿಲ್ಲ. ಮೊಬೈಲು ನೋಡುವುದಕ್ಕೆ ಸರಿ. ಎರಡು ಪುಟ ಪ್ರಬಂಧ ಬರೆದು ತಿದ್ದುವುದಕ್ಕೆ ಕೀಲಿಮಣೆಯೇ ಬೇಕು.

ಲ್ಯಾಪ್‌ಟಾಪಿನ ಪರವಾಗಿ ಒಂದು ಗಟ್ಟಿ ಮಾತಿದೆ, ಅದನ್ನು ಮುಚ್ಚಿಡಬಾರದು. ಅದರ ಹೊಟ್ಟೆಯಲ್ಲೇ ಬ್ಯಾಟರಿ ಇದೆ, ಕರೆಂಟು ಹೋದರೂ ಮೂರ್ನಾಲ್ಕು ಗಂಟೆ ನಡೆಯುತ್ತದೆ. ನಮ್ಮದು ಆಗುಂಬೆ ಇರುವ ತಾಲೂಕು. ಅಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಆಸುಪಾಸು ಮಳೆ. ನಮ್ಮ ಮೇಳಿಗೆಗೆ ಅಷ್ಟಲ್ಲದಿದ್ದರೂ ಪುನರ್ವಸು, ಪುಷ್ಯ ಮಳೆಯ ಗಾಳಿಗೆ ಮರ ತಂತಿಯ ಮೇಲೆ ಬಿದ್ದರೆ ಕರೆಂಟು ಯಾವಾಗ ಬರುತ್ತದೆ ಎಂದು ದೇವರೇ ಹೇಳಬೇಕು. ಆದ್ದರಿಂದ ಡೆಸ್ಕ್‌ಟಾಪ್ ತರುವವರು ಮೊದಲು ಕರೆಂಟಿನ ಲೆಕ್ಕ ಮಾಡಬೇಕು, ಆಮೇಲೆ ಜಿ.ಬಿ.ಯ ಲೆಕ್ಕ.

ಹತ್ತನೇ ಕ್ಲಾಸಿನ ವಿದ್ಯುಚ್ಛಕ್ತಿ ಪಾಠದಲ್ಲಿ ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ವಾಟ್ ಎಂದು ಕಲಿತೆವಲ್ಲ, ಅದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಸುಮಾರು ಮನೆಗಳಲ್ಲಿ ಈಗ ಇನ್ವರ್ಟರ್ ಇದೆ. ಅದರ ಬ್ಯಾಟರಿಯ ಮೇಲೆ 12 ವೋಲ್ಟ್, 150 ಆಂಪಿಯರ್-ಅವರ್ ಎಂದಿದ್ದರೆ ಗುಣಿಸಿ: 1800 ವಾಟ್-ಅವರ್. ಬ್ಯಾಟರಿ ಹಳೆಯದು, ನಷ್ಟವೂ ಆಗುತ್ತದೆ ಅಂತ ಅರ್ಧ ಬಿಟ್ಟುಬಿಡಿ. ಉಳಿಯಿತು 900. ಕಚೇರಿಗಳಲ್ಲಿ ಬಳಸುವಂಥ ಸಣ್ಣ ಡೆಸ್ಕ್‌ಟಾಪು, ಅದರ ಪರದೆ ಎರಡೂ ಸೇರಿ 80 ವಾಟ್ ಎಂದು ಹಿಡಿಯಿರಿ. ಜೊತೆಗೆ 9 ವಾಟಿನ ಮೂರು ಎಲ್‌ಇಡಿ ಬಲ್ಬು, 27. ಒಟ್ಟು 107. ಭಾಗಿಸಿದರೆ ಎಂಟು ಗಂಟೆಗೂ ಮೇಲೆ! ಆಟ ಆಡುವುದಕ್ಕೆಂದು ದೊಡ್ಡ ಗ್ರಾಫಿಕ್ಸ್ ಕಾರ್ಡ್ ಹಾಕಿದ ಪೆಟ್ಟಿಗೆಗೆ ಈ ಲೆಕ್ಕ ನಡೆಯುವುದಿಲ್ಲ, ಅದು ಮೂರು ನಾಲ್ಕು ಪಟ್ಟು ಕುಡಿಯುತ್ತದೆ. ಅಣ್ಣಂದಿರಿಗೆ ಇದನ್ನು ಓದಿ ಹೇಳಿ.

ಇನ್ವರ್ಟರಿನಲ್ಲಿ ಇನ್ನೂ ಎರಡು ವಿಷಯ ನೋಡಬೇಕು. ಸೈನ್ ವೇವ್ ಇನ್ವರ್ಟರೇ ಕಂಪ್ಯೂಟರಿಗೆ ಒಳ್ಳೆಯದು, ಸ್ಕ್ವೇರ್ ವೇವ್ ಹೊಂದುವುದಿಲ್ಲ. ಹಾಗೆಯೇ ಬಹಳ ಇನ್ವರ್ಟರುಗಳಲ್ಲಿ ಯುಪಿಎಸ್ ಮೋಡ್ ಎಂಬ ಒಂದು ಸ್ವಿಚ್ಚಿರುತ್ತದೆ. ಅದನ್ನು ಹಾಕಿಟ್ಟರೆ ಕರೆಂಟು ಹೋದ ಕ್ಷಣಕ್ಕೇ ಬ್ಯಾಟರಿ ಹಿಡಿದುಕೊಳ್ಳುತ್ತದೆ, ಕಂಪ್ಯೂಟರ್ ಆರಿ ಹತ್ತುವುದಿಲ್ಲ. ಇನ್ವರ್ಟರ್ ಇಲ್ಲದ ಮನೆಯವರು ಸಣ್ಣ ಯುಪಿಎಸ್ ಆದರೂ ತರಲೇಬೇಕು. ಅದು ಹತ್ತು ಹದಿನೈದು ನಿಮಿಷ ಕೊಡುತ್ತದೆ, ಬರೆದದ್ದನ್ನು ಉಳಿಸಿ ಬಂದ್ ಮಾಡಲು ಸಾಕು, ಹೆಚ್ಚಿಗೆ ನಂಬಬೇಡಿ. ಇನ್ವರ್ಟರೂ ಇಲ್ಲ, ಕರೆಂಟು ವಾರಗಟ್ಟಲೆ ಹೋಗುವ ಒಂಟಿಮನೆ ಎಂದಾದರೆ ಲ್ಯಾಪ್‌ಟಾಪೇ ಸರಿ. ಅಲ್ಲಿ ನನ್ನ ವಾದ ನಿಲ್ಲುವುದಿಲ್ಲ.

ಎಲ್ಲಕ್ಕಿಂತ ಮೊದಲು ಅರ್ಥಿಂಗ್. ಇದ್ದಿಲು, ಉಪ್ಪು ಹಾಕಿ ಗುಂಡಿ ಮಾಡಿಸುವ ಕೆಲಸಕ್ಕೆ ನಮ್ಮವರು "ಮುಂದಿನ ವರ್ಷ ನೋಡಿದ್ರಾಯ್ತು" ಅನ್ನುತ್ತಾರೆ. ಏಪ್ರಿಲ್-ಮೇ ಸಂಜೆಯ ಸಿಡಿಲು ಮುಂದಿನ ವರ್ಷದವರೆಗೆ ಕಾಯುತ್ತದೆಯೇ? ಗುಡುಗು ಕೇಳಿದ ಕೂಡಲೇ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು. ಇಂಟರ್ನೆಟ್ ಡಬ್ಬದ ಪ್ಲಗ್ಗನ್ನೂ.

ಮಳೆಗಾಲದಲ್ಲಿ ಗೋಡೆಗೇ ಬೂಷ್ಟು ಹಿಡಿಯುತ್ತದೆ, ಯಂತ್ರಕ್ಕೆ ಬಿಡುತ್ತದೆಯೇ? ಪ್ಲಾಸ್ಟಿಕ್ ಹೊದೆಸಿ ಇಡುವುದು ಬೇಡ, ಒಳಗೆ ತೇವ ನಿಲ್ಲುತ್ತದೆ. ಹಳೇ ಪಂಚೆಯ ಬಟ್ಟೆ ಸಾಕು. ದಿನಾ ಅರ್ಧ ಗಂಟೆಯಾದರೂ ಓಡಿಸಿದರೆ ಅದರ ಬಿಸಿಗೇ ಒಣಗಿಕೊಳ್ಳುತ್ತದೆ. ಅಂದರೆ ಆಟಿಯಲ್ಲಿ ಕಂಪ್ಯೂಟರ್ ಮುಂದೆ ಕೂರುವುದು ಯಂತ್ರದ ಆರೋಗ್ಯಕ್ಕಾಗಿ ಎಂದು ಮನೆಯಲ್ಲಿ ಹೇಳಬಹುದು.

ಈಗ ಪೆಟ್ಟಿಗೆಯ ವಿಷಯ. ಎಲೆಚುಕ್ಕಿ ರೋಗ ಬಂದ ಮೇಲೆ ಅಡಿಕೆಯ ದುಡ್ಡನ್ನು ನೆಚ್ಚಿಕೊಳ್ಳುವ ಹಾಗಿಲ್ಲ, ಹೊಸದೇ ಬೇಕು ಎಂದು ಹಟ ಮಾಡುವುದು ನನಗೆ ಸರಿ ಕಾಣುವುದಿಲ್ಲ. ಕಂಪೆನಿಗಳು ಬಳಸಿ ಬಿಟ್ಟ ಡೆಸ್ಕ್‌ಟಾಪುಗಳು ಕಡಿಮೆ ಬೆಲೆಗೆ ಸಿಗುತ್ತವೆ, ನಮ್ಮ ಓದಿಗೆ ಅವು ಧಾರಾಳ ಸಾಕು. 8 ಜಿ.ಬಿ. ರ‍್ಯಾಮ್ ಇರಲಿ, ಹಳೇ ತಿರುಗುವ ಹಾರ್ಡ್ ಡಿಸ್ಕಿನ ಬದಲು ಎಸ್‌ಎಸ್‌ಡಿ ಇರಲಿ. ಆದರೆ ಒಂದು ಎಚ್ಚರ ಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಇಂಟೆಲ್ ಪ್ರೊಸೆಸರ್ ಆದರೆ ಎಂಟನೇ ತಲೆಮಾರು ಅಥವಾ ಆಚೆಯದು ಬೇಕು. ಅದನ್ನು ತಿಳಿಯುವುದು ಸುಲಭ: ಐ5-6500 ಅಂತ ಬರೆದಿದ್ದರೆ ಆರನೆಯದು, ಐ5-8500 ಅಂದರೆ ಎಂಟನೆಯದು. "ಐ5 ಉಂಟು, ತಗೊಳ್ಳಿ" ಅಂದ ಕೂಡಲೇ ತಲೆಯಾಡಿಸದೆ ಮುಂದಿನ ಅಂಕಿ ಕೇಳಿ.

ಆರನೆಯದೇ ಸಿಕ್ಕಿತು ಅನ್ನಿ, ಎಸೆಯಬೇಕಿಲ್ಲ. ಉಬುಂಟುವಿನಂಥ ಲಿನಕ್ಸ್ ಹಾಕಿದರೆ ಚೆನ್ನಾಗಿ ನಡೆಯುತ್ತದೆ, ದುಡ್ಡೂ ಇಲ್ಲ. ಗಡಿಯಾಚೆಯ ಕಾಸರಗೋಡನ್ನು ನೋಡಿ. ಕೇರಳದ ಶಾಲೆಗಳಲ್ಲಿ ಲಿನಕ್ಸಿನಲ್ಲೇ ಪಾಠ, ಎಸ್‌ಎಸ್‌ಎಲ್‌ಸಿಯಲ್ಲಿ ಐಟಿಗೆ ಪ್ರಾಯೋಗಿಕ ಪರೀಕ್ಷೆಯೂ ಉಂಟು. ಅಲ್ಲಿನ ಕನ್ನಡ ಮಾಧ್ಯಮದ ಮಕ್ಕಳು ನಮ್ಮಂತೆಯೇ ಕನ್ನಡ ಓದುವವರು. ಅವರಿಗೆ ಆಗುವುದು ನಮಗೆ ಎಂತಕ್ಕೆ ಆಗುವುದಿಲ್ಲ?

ಕೊನೆಗೆ ಕನ್ನಡ. ಅಂಗಡಿಯಲ್ಲೇ ಯಂತ್ರ ಹಚ್ಚಿಸಿ, ಕನ್ನಡದಲ್ಲಿ ನಿಮ್ಮ ಊರಿನ ಹೆಸರು ಬರೆದು ನೋಡಿ. ಅದಕ್ಕೆ ಬೇರೆ ಕೀಲಿಮಣೆ ಬೇಕಿಲ್ಲ. ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸ ನುಡಿ ತಂತ್ರಾಂಶದಲ್ಲಿದೆ, ಲಿನಕ್ಸಿನಲ್ಲೂ ಇದೆ. ಕೆ ಒತ್ತಿದರೆ ಕ, ಎಂ ಒತ್ತಿದರೆ ಮ. ಒತ್ತಕ್ಷರಕ್ಕೆ ನಡುವೆ ಎಫ್: ಎ, ಎಂ, ಎಫ್, ಎಂ ಒತ್ತಿದರೆ "ಅಮ್ಮ". ನಮ್ಮ "ಮೇಳಿಗೆ"ಗೆ ಆರೇ ಕೀಲಿ. ಆದರೆ ಯೂನಿಕೋಡಿನಲ್ಲೇ ಬರೆಯಿರಿ. ಹಳೆಯ ಫಾಂಟಿನಲ್ಲಿ ಬರೆದದ್ದು ಬೇರೆಯವರ ಯಂತ್ರದಲ್ಲಿ ತೆರೆದರೆ ಇರುವೆ ನಡೆದ ಹಾಗೆ ಕಾಣುತ್ತದೆ. ನಮ್ಮ ಕುಪ್ಪಳಿಯ ತೇಜಸ್ವಿಯವರು ಕನ್ನಡದ ತಂತ್ರಾಂಶ ಆಗಬೇಕೆಂದು ಎಷ್ಟು ಒದ್ದಾಡಿದರು ಎಂಬುದು ಗುರುಗಳಿಗೆ ಗೊತ್ತಿದೆ. ಈಗ ಅದು ಪುಕ್ಕಟೆ ಸಿಗುತ್ತಿರುವಾಗ ನಾವು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದು ಕಳಿಸುವುದು ನನಗಂತೂ ನಾಚಿಕೆ.

ಜಗಲಿಯೇ ಎಂತಕ್ಕೆ ಎಂದು ಅಣ್ಣ ಕೇಳಿದ. ಕೋಣೆಯಲ್ಲಿಟ್ಟರೆ ಕೋಣೆ ಯಾರದೋ ಕಂಪ್ಯೂಟರೂ ಅವರದೇ ಆಗುತ್ತದೆ. ಜಗಲಿ ಎಲ್ಲರದು. ಅಲ್ಲಿ ಒಂದು ಸರದಿ ಪಟ್ಟಿ ಅಂಟಿಸಬೇಕು, ಅದರಲ್ಲಿ ಅಕ್ಕತಂಗಿಯರ ಹೆಸರು ಕೊನೆಯಲ್ಲೇ ಬರಬಾರದು. ಎಸ್‌ಎಸ್‌ಎಲ್‌ಸಿ ಮುಗಿದ ಮೇಲೆ ಕಾಲೇಜು, ವಿದ್ಯಾರ್ಥಿವೇತನ ಎಂದು ಬಹಳಷ್ಟು ಅರ್ಜಿ ಆನ್‌ಲೈನಿನಲ್ಲೇ ಹಾಕಬೇಕು. ಅದಕ್ಕಾಗಿ ಪೇಟೆಗೆ ಹೋಗಿ, ಸಾಲಿನಲ್ಲಿ ನಿಂತು, ಕತ್ತಲಾಗುವುದರೊಳಗೆ ಬಸ್ಸು ಹಿಡಿಯಬೇಕು ಎಂಬ ಕಾರಣಕ್ಕೇ "ನಿಂಗೆ ಎಂತಕ್ಕೆ ಮಾರಾಯ್ತಿ ಅದೆಲ್ಲ" ಎಂಬ ಮಾತು ಕೇಳಿದವರು ನಮ್ಮಲ್ಲಿ ಇದ್ದಾರೆ. ಜಗಲಿಯಲ್ಲೇ ಯಂತ್ರವಿದ್ದರೆ ಆ ಮಾತಿಗೆ ಆಧಾರ ಇರುವುದಿಲ್ಲ.

ನಮ್ಮ ಮನೆಯಲ್ಲಿ ತೀರ್ಮಾನ ಇನ್ನೂ ಪೂರ್ತಿ ಆಗಿಲ್ಲ. ಅಪ್ಪಯ್ಯ ಅರ್ಥಿಂಗ್ ಗುಂಡಿಗೆ ಒಪ್ಪಿದ್ದಾರೆ, ಇದ್ದಿಲಿನ ಚೀಲ ಕೊಟ್ಟಿಗೆಗೆ ಬಂದಿದೆ. ಪರದೆ 19 ಇಂಚೋ 22 ಇಂಚೋ ಎಂಬುದರಲ್ಲಿ ಮಾತ್ರ ನಾನೂ ಅಣ್ಣನೂ ಒಪ್ಪಿಲ್ಲ.

– ಹತ್ತನೇ ತರಗತಿಯ ವಿದ್ಯಾರ್ಥಿನಿ