ಬಚ್ಚಲ ಕಿಟಕಿಯ ತೆರಿಗೆ

ಬಚ್ಚಲಮನೆಯ ಕಿಟಕಿಗೆ ಎಂಥ ಪರದೆ ಒಪ್ಪುತ್ತದೆಂಬ ಪ್ರಶ್ನೆ ನಗರದ ಗೃಹಸ್ಥರನ್ನು ಈಗ ಬಹಳವಾಗಿ ಬಾಧಿಸುತ್ತಿದೆ. ಹೊಸ ಮನೆ ಕಟ್ಟಿಸಿದವರು ದೇವರ ಕೋಣೆಯ ಬಾಗಿಲಿಗೆ ಎಷ್ಟು ಆಲೋಚಿಸುತ್ತಾರೋ ಇದಕ್ಕೂ ಅಷ್ಟೇ ಆಲೋಚಿಸುತ್ತಾರೆ. ಅಂಗಡಿಗೆ ಹೋದರೆ ಬಿದಿರುಕಡ್ಡಿಯ ಪರದೆಯುಂಟು, ಪ್ಲಾಸ್ಟಿಕ್ ಪಟ್ಟಿಯ ಪರದೆಯುಂಟು, ಸುರುಳಿ ಸುತ್ತುವ ಬಟ್ಟೆಯುಂಟು, ಗಾಜಿಗೆ ಅಂಟಿಸುವ ಹೂಬಳ್ಳಿಯ ಹಾಳೆಯುಂಟು. ಗೋಡೆಯ ಟೈಲ್ಸಿಗೆ ಹೊಂದಬೇಕೆಂದು ಒಬ್ಬರು, ಕೈಗೆಟಕುವ ಬೆಲೆಯಲ್ಲಿರಬೇಕೆಂದು ಇನ್ನೊಬ್ಬರು. ಅಂಗಡಿಯವನು ಇಬ್ಬರ ಮಾತಿಗೂ ತಲೆಯಾಡಿಸುತ್ತಾನೆ. ಒಳಗಿನ ಹಬೆ ಎಲ್ಲಿಂದ ಹೊರಗೆ ಹೋಗಬೇಕೆಂದು ಮೂವರಲ್ಲಿ ಒಬ್ಬರೂ ಕೇಳುವುದಿಲ್ಲ.

ಇದು ಅಲಂಕಾರದ ವಿಚಾರವೇ ಅಲ್ಲವೆಂಬುದು ನನ್ನ ವಾದ. ಬಚ್ಚಲಿನ ಕಿಟಕಿ ಗಾಳಿ ಬೆಳಕುಗಳಿಗಾಗಿ ಹುಟ್ಟಿದ್ದು. ಅದಕ್ಕೆ ಹೊದಿಕೆ ಬೇಕಾದದ್ದು ಹೊರಗೆ ಕಣ್ಣುಗಳಿರುವುದರಿಂದ. ಕಣ್ಣನ್ನು ತಡೆದು ಗಾಳಿಯನ್ನು ಬಿಡುವುದು ಕಟ್ಟುವವನ ಕೆಲಸ. ಅವನು ಅದನ್ನು ಮಾಡದಿದ್ದಾಗ ಸ್ನಾನ ಮಾಡುವವರು ತಮ್ಮ ಆರೋಗ್ಯದಿಂದಲೋ ನಿದ್ದೆಯಿಂದಲೋ ಅದರ ಬೆಲೆ ತೆರಬೇಕಾಗುತ್ತದೆ.

ಇಂಗ್ಲೆಂಡಿನಲ್ಲಿ ೧೬೯೬ರಿಂದ ೧೮೫೧ರವರೆಗೆ ಕಿಟಕಿಗಳ ಮೇಲೆ ತೆರಿಗೆಯಿತ್ತು. ಕಿಟಕಿ ಹೆಚ್ಚಿದಷ್ಟೂ ತೆರಿಗೆ ಹೆಚ್ಚು. ಜನ ಇಟ್ಟಿಗೆಯಿಟ್ಟು ಕಿಟಕಿಗಳನ್ನು ಮುಚ್ಚಿಕೊಂಡರು. ಮನೆಗಳು ಕತ್ತಲಾದವು, ಗಾಳಿ ಕೆಟ್ಟಿತು, ವೈದ್ಯರು ಕೂಗಿಕೊಂಡರು. ಕೊನೆಗೆ ಸರಕಾರಕ್ಕೆ ನಾಚಿಕೆಯಾಗಿ ತೆರಿಗೆ ಹೋಯಿತು. ನಮ್ಮಲ್ಲಿ ಅಂಥ ಕಾನೂನು ಇಲ್ಲ. ಆದರೂ ನಮ್ಮ ನಗರಗಳ ಬಚ್ಚಲುಗಳಲ್ಲಿ ಎಷ್ಟು ಕಿಟಕಿಗಳು ಮುಚ್ಚಿಲ್ಲ! ಮೊಳೆ ಹೊಡೆದ ಹಲಗೆ, ಬಣ್ಣ ಬಳಿದ ಗಾಜು, ಎಲ್ಲಕ್ಕಿಂತ ಹೆಚ್ಚಾಗಿ ಅಂಟಿಸಿದ ಹಳೆಯ ಪತ್ರಿಕೆ. ಈ ಪುರವಣಿಯೂ ಮುಂದಿನ ವಾರ ಅದೇ ಸದ್ಗತಿಯನ್ನು ಪಡೆದರೆ ಆಶ್ಚರ್ಯವಿಲ್ಲ. ಅಲ್ಲಿ ಅರಸನ ತೆರಿಗೆಗೆ ಹೆದರಿ ಮುಚ್ಚಿದರು, ಇಲ್ಲಿ ಎದುರು ಮನೆಯ ಕಣ್ಣಿಗೆ ಹೆದರಿ ಮುಚ್ಚುತ್ತೇವೆ.

ಮುಚ್ಚಿದ ಮೇಲೆ ಏನಾಗುತ್ತದೆ? ಗೋಡೆಗೆ ಬೂಷ್ಟು ಹಿಡಿಯುತ್ತದೆ, ಬಟ್ಟೆಯ ಪರದೆ ನಾರುತ್ತದೆ. ಅಷ್ಟೇ ಆಗಿದ್ದರೆ ಇಷ್ಟು ಕೂಗಬೇಕಾಗಿರಲಿಲ್ಲ. ಈಗ ಅನೇಕ ಮನೆಗಳಲ್ಲಿ ಗ್ಯಾಸ್ ಗೀಸರು ಬಚ್ಚಲಿನೊಳಗೇ ಇದೆ. ಉರಿಗೆ ಸಾಕಷ್ಟು ಗಾಳಿ ದೊರೆಯದಿದ್ದರೆ ಅದು ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲವನ್ನು ಉಗುಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಪ್ರಾಣವಾಯು ಕೂರಬೇಕಾದ ಜಾಗದಲ್ಲಿ ಅದು ಕೂರುತ್ತದೆ; ಮನುಷ್ಯ ಎಚ್ಚರಗೊಳ್ಳುವ ಮೊದಲೇ ಮೂರ್ಛೆ ಬರುತ್ತದೆ. ಸ್ನಾನಕ್ಕೆ ಹೋದವರು ಹೊರಗೆ ಬರಲಿಲ್ಲವೆಂಬ ಸುದ್ದಿಯನ್ನು ಪತ್ರಿಕೆಗಳು ಮತ್ತೆ ಮತ್ತೆ ಅಚ್ಚು ಹಾಕುತ್ತಲೇ ಇವೆ. ಆ ಪತ್ರಿಕೆಯನ್ನೇ ಕಿಟಕಿಗೆ ಅಂಟಿಸಿಕೊಂಡು ನಾವು ಕೂತಿದ್ದೇವೆ.

ನಗರದ ಈ ಸಂಕಟಕ್ಕಾದರೂ ಕಿಟಕಿಯೆಂಬುದೊಂದಿದೆ. ಕಿಟಕಿಯೇ ಇಲ್ಲದ, ಗೋಡೆಯೂ ಅರೆಬರೆಯಾದ ಬಚ್ಚಲುಗಳ ಕಡೆಗೆ ಓದುಗರನ್ನು ಕರೆದೊಯ್ಯಬೇಕಾಗಿದೆ. ಕಲಬುರಗಿಯಿಂದ ಆಳಂದದ ರಸ್ತೆ ಹಿಡಿದರೆ ಕಡಗಂಚಿ ಸಿಗುತ್ತದೆ. ಗುರುಚರಿತ್ರೆಯನ್ನು ಬರೆದ ಸರಸ್ವತಿ ಗಂಗಾಧರರ ಊರೆಂದು ದತ್ತಭಕ್ತರು ನಂಬುವ ಸ್ಥಳ ಅದು. ೨೦೦೯ರ ಕಾಯಿದೆಯಿಂದ ಹುಟ್ಟಿದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಈಗ ಅಲ್ಲಿಯೇ ನೆಲೆಯೂರಿದೆ. ಸುತ್ತ ಕರಿನೆಲ, ನೆಲದ ತುಂಬ ತೊಗರಿ. ಚಳಿಗಾಲದಲ್ಲಿ ತೊಗರಿ ಬಡಿದಾದ ಮೇಲೆ ಉಳಿದ ಕಟ್ಟಿಗೆ ಒಲೆಗೂ ಬೇಕು, ಬೇಲಿಗೂ ಬೇಕು. ಈ ಸೀಮೆಯ ಬಡವರ ಮನೆಗಳಲ್ಲಿ ಜಳಕದ ಜಾಗಕ್ಕೆ ಅದೇ ಗೋಡೆ. ಹಿತ್ತಲಲ್ಲಿ ಒಂದು ಶಹಾಬಾದಿ ಫರಸಿ, ಸುತ್ತ ತೊಗರಿ ಕಟ್ಟಿಗೆಯ ತಟ್ಟಿ, ಬಾಗಿಲಿನ ಕಡೆ ಹಳೆಯ ಸೀರೆಯೋ ಗೋಣಿಯೋ. ಮೇಲೆ ಆಕಾಶ.

ಇದನ್ನು ಓದಿ, ಎಂಥ ಸರಳ ಜೀವನ, ಎಂಥ ಗಾಳಿ ಬೆಳಕು ಎಂದು ನಿಟ್ಟುಸಿರುಬಿಡುವ ರಸಿಕರು ನಮ್ಮಲ್ಲಿದ್ದಾರೆ. ಅವರು ಅಲ್ಲಿ ಒಂದು ತಿಂಗಳು ಜಳಕ ಮಾಡಿ ನೋಡಬೇಕು. ತಟ್ಟಿಯ ಸಂದುಗಳಿಗೂ ತೆಳ್ಳನೆಯ ಪರದೆಗೂ ಒಂದೇ ಗುಣ. ಒಳಗಿಗಿಂತ ಹೊರಗೆ ಬೆಳಕು ಹೆಚ್ಚಿದ್ದಾಗ ಹೊರಗಿನವರಿಗೆ ಒಳಗು ಕಾಣದು. ಒಳಗೆ ದೀಪ ಹಚ್ಚಿದೊಡನೆ ಲೆಕ್ಕ ತಲೆಕೆಳಗಾಗಿ ಒಳಗಿನದೆಲ್ಲ ಹೊರಗೆ ಕಾಣುತ್ತದೆ. ಮೇಲೆ ಮಾಡವಿಲ್ಲದ ತಟ್ಟಿಯೊಳಗೆ ಹಗಲಿನಲ್ಲಿಯೂ ಹೊರಗಿನಷ್ಟೇ ಬೆಳಕು. ಸಂದು ಏನನ್ನೂ ಮರೆಮಾಡದು. ಹೀಗಾಗಿ ಹೆಂಗಸರು ನಸುಕು ಹರಿಯುವ ಮೊದಲೇ ಏಳಬೇಕು, ದೀಪವಿಲ್ಲದೆ ಹಿತ್ತಲಿಗೆ ಹೋಗಬೇಕು, ಚೇಳಿಗೂ ಹಾವಿಗೂ ಕಾಲು ಕೊಟ್ಟು ಅರ್ಧ ಸೀರೆ ಮೈಮೇಲಿಟ್ಟುಕೊಂಡೇ ನೀರು ಹಾಕಿಕೊಳ್ಳಬೇಕು. ಜ್ವರ ಬಂದವಳಿಗೂ ಬಾಣಂತಿಗೂ ಮುಟ್ಟಾದವಳಿಗೂ ಇದೇ ಹೊತ್ತು, ಇದೇ ಅವಸರ. ಗಂಡಸು ಕಟ್ಟೆಯ ಮೇಲೆ ಹಾಡುಹಗಲೇ ಜಳಕ ಮಾಡುತ್ತಾನೆ. ಕಿಟಕಿಯ ತೆರಿಗೆಯನ್ನು ಕಟ್ಟುವವರು ಯಾರೆಂದು ಬೇರೆ ಹೇಳಬೇಕಿಲ್ಲ.

ಇದು ಒಂದೂರಿನ ಕಥೆಯಲ್ಲ. ೨೦೧೧ರ ಜನಗಣತಿಯವರು ಸ್ನಾನದ ವ್ಯವಸ್ಥೆಯನ್ನೂ ಎಣಿಸಿದರು. "ಮಾಡವಿಲ್ಲದ ಮರೆ" ಎಂದು ಒಂದು ಪ್ರತ್ಯೇಕ ಕಾಲಮ್ಮನ್ನೇ ತೆರೆಯಬೇಕಾಯಿತು. ಭಾರತದ ಹಳ್ಳಿಗಳ ಮನೆಗಳಲ್ಲಿ ಅರ್ಧಕ್ಕೂ ಹೆಚ್ಚಿನವಕ್ಕೆ ಮನೆಯ ಆವರಣದಲ್ಲಿ ಆ ಮರೆ ಕೂಡ ಇರಲಿಲ್ಲ. ೨೦೧೪ರಲ್ಲಿ ಸ್ವಚ್ಛ ಭಾರತ ಬಂತು. ಶೌಚಾಲಯಕ್ಕೆಂದು ಮನೆಗೆ ೧೨,೦೦೦ ರೂಪಾಯಿ ಗೊತ್ತುಮಾಡಿದರು. ಒಳ್ಳೆಯದೇ ಆಯಿತು, ಅದನ್ನು ಹಳಿಯುವ ನಾಲಗೆ ನನ್ನದಲ್ಲ. ಆದರೆ ಆ ಪುಟ್ಟ ಗೂಡಿನಲ್ಲಿಯೇ ಮೈ ಮುದುಡಿ ಜಳಕವನ್ನೂ ಮುಗಿಸುವವರಿದ್ದಾರೆ. ಶೌಚಕ್ಕೆ ಮರೆ ಬೇಕೆಂದು ದೇಶಕ್ಕೆ ತಿಳಿಯಿತು, ಸ್ನಾನಕ್ಕೂ ಬೇಕೆಂಬುದು ಇನ್ನೂ ಪೂರ್ತಿ ತಿಳಿದಂತಿಲ್ಲ.

ಹಿಂದಿನಿಂದಲೂ ಹೀಗೆಯೇ ನಡೆದುಬಂದಿದೆ, ಆಗ ಯಾರ ಮಾನ ಹೋಯಿತು ಎಂದು ಹಿರಿಯರು ಕೇಳುತ್ತಾರೆ. ಹಿಂದೆ ಊರೆಲ್ಲ ಒಂದೇ ಎತ್ತರದ ಮಣ್ಣಿನ ಮಾಳಿಗೆಗಳಿದ್ದವು. ಆಳೆತ್ತರದ ತಟ್ಟಿ ಹೇಗೋ ಸಾಕಾಗುತ್ತಿತ್ತು. ಈಗ ಪಕ್ಕದಲ್ಲಿ ಎರಡಂತಸ್ತಿನ ಸಿಮೆಂಟಿನ ಮನೆ ಏಳುತ್ತದೆ, ಅದರ ಚಾವಣಿಯ ಮೇಲೆ ನಿಂತವನ ಕೈಯಲ್ಲಿ ಕ್ಯಾಮರಾ ಇರುವ ಫೋನು. ನೋಡಿದ್ದನ್ನು ಮರೆಯುವ ಕಣ್ಣು ಹೋಗಿ ಎಂದೂ ಮರೆಯದ ಕಣ್ಣು ಬಂದಿದೆ. ಹಳೆಯ ಮರೆ ಹೊಸ ಕಣ್ಣಿಗೆ ಸಾಲದು.

ಕಾನೂನು ಈ ಮಾತನ್ನು ನಮಗಿಂತ ಮೊದಲೇ ಕಂಡುಕೊಂಡಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ೨೦೧೭ರ ಆಗಸ್ಟ್ ೨೪ರಂದು ಏಕಕಂಠದಿಂದ ಖಾಸಗಿತನ ಮೂಲಭೂತ ಹಕ್ಕೆಂದು ಸಾರಿದರು. ಇಣುಕಿ ನೋಡುವುದು ೨೦೧೩ರಿಂದ ಪ್ರತ್ಯೇಕ ಅಪರಾಧ. ಈಗ ಭಾರತೀಯ ನ್ಯಾಯ ಸಂಹಿತೆಯ ೭೭ನೆಯ ಕಲಮಿನಲ್ಲಿ ಮೊದಲ ಅಪರಾಧಕ್ಕೇ ಒಂದು ವರ್ಷದಿಂದ ಮೂರು ವರ್ಷದ ಸಜೆಯುಂಟು. ೨೦೨೩ರಲ್ಲಿ ದೆಹಲಿಯ ಹೈಕೋರ್ಟಿಗೆ ಬಂದ ಒಂದು ಪ್ರಕರಣವಂತೂ ನೇರವಾಗಿ ನಮ್ಮ ಪರದೆಯದೇ. ಮನೆಯ ಹೊರಗಿನ ಬಚ್ಚಲು, ಬಾಗಿಲಿಲ್ಲ, ತೂಗುಬಿಟ್ಟ ಪರದೆಯೊಂದೇ. ಅದು ಖಾಸಗಿ ಸ್ಥಳವೇ ಅಲ್ಲವೆಂದು ಆರೋಪಿಯ ಕಡೆಯವರು ವಾದಿಸಿದರು. ಬಾಗಿಲಿಲ್ಲದಿದ್ದರೇನು, ಪರದೆ ತೆಳ್ಳಗಿದ್ದರೇನು, ಒಳಗೆ ಸ್ನಾನ ಮಾಡುವವಳ ಖಾಸಗಿತನ ಅಳಿಯುವುದಿಲ್ಲವೆಂದು ನ್ಯಾಯಾಲಯ ಎತ್ತಿಹಿಡಿಯಿತು. ಹರಕು ಸೀರೆಯ ಪರದೆಗೂ ಗಟ್ಟಿ ಬಾಗಿಲಿನ ಮರ್ಯಾದೆ ಸಲ್ಲಬೇಕೆಂಬ ಈ ತೀರ್ಪನ್ನು ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಬರೆಯಿಸಬೇಕು.

ತೀರ್ಪಿನಿಂದ ಗೋಡೆ ಏಳುವುದಿಲ್ಲ, ಸರಿ. ಹಾಗಾದರೆ ಏನು ಮಾಡಬೇಕು? ಉತ್ತರ ಈ ಸೀಮೆಯ ಹಳೆಯ ಮನೆಗಳಲ್ಲಿಯೇ ಇದೆ. ದಪ್ಪ ಗೋಡೆಯ ಆ ಮಾಳಿಗೆ ಮನೆಗಳಿಗೆ ಬೀದಿಯ ಕಡೆ ಕಿಟಕಿ ಕಡಿಮೆ. ಬೆಳಕು ಬರುತ್ತಿದ್ದುದು ಮಾಳಿಗೆಯ ನಡುವಿನ ಗವಾಕ್ಷಿಯಿಂದ. ಮೇಲಿನಿಂದ ಬೆಳಕು ಇಳಿಯುತ್ತಿತ್ತು, ಹೊಗೆ ಮೇಲಕ್ಕೆ ಏರುತ್ತಿತ್ತು, ಬೀದಿಯ ಕಣ್ಣಿಗೆ ಎಟುಕುತ್ತಿರಲಿಲ್ಲ. ಮಳೆ ಬಂದರೆ ಒಂದು ಕಲ್ಲು ಮುಚ್ಚಿದರಾಯಿತು. ಬೇಲೂರಿನ ದೇವಾಲಯದ ಜಾಲಂದ್ರಗಳನ್ನು ಕೊರೆದವರಿಗೂ ಗಾಳಿಯನ್ನು ಒಳಗೆ ಬಿಟ್ಟು ನೋಟವನ್ನು ತಡೆಯುವ ಇದೇ ವಿದ್ಯೆ ಗೊತ್ತಿತ್ತು. ಆ ಬುದ್ಧಿಯನ್ನು ನಮ್ಮ ಇಂಜಿನಿಯರು ಮಹಾಶಯರು ಬಚ್ಚಲಿಗೆ ತರಬಾರದೆ?

ಕಿಟಕಿಯ ಕೆಳಗಿನ ಅಂಚು ನಿಂತವರ ತಲೆಗಿಂತ ಮೇಲಿರಲಿ; ಅರ್ಧ ಪರದೆ ಅಲ್ಲಿಗೇ ಉಳಿಯಿತು. ಓರೆಯಾಗಿ ಕೂರಿಸಿದ ಪಟ್ಟಿಗಳಿರಲಿ, ಅವುಗಳ ಹೊರಅಂಚು ಕೆಳಕ್ಕೆ ಬಾಗಿರಲಿ. ಆಗ ಎದುರು ಚಾವಣಿಯವನಿಗೆ ಏನೂ ಕಾಣದು, ಬೀದಿಯಲ್ಲಿ ನಿಂತು ಕತ್ತೆತ್ತಿದವನಿಗೆ ಒಳಮಾಡು ಮಾತ್ರ ಕಂಡೀತು; ಮಳೆ ಒಳಗೆ ಬಾರದು, ಗಾಳಿ ಬರುತ್ತದೆ. ಗಾಜು ಹಾಕುವವರು ಮಸುಕು ಗಾಜನ್ನೇ ಹಾಕಲಿ, ಆದರೆ ಅದರ ಒರಟು ಮುಖಕ್ಕೆ ನೀರು ಸಿಡಿಯದಂತೆ ನೋಡಿಕೊಳ್ಳಲಿ. ಒದ್ದೆಯಾದರೆ ಆ ಮಸುಕು ಬಹುಮಟ್ಟಿಗೆ ಕರಗಿಹೋಗುತ್ತದೆ. ಬಟ್ಟೆಯ ಪರದೆಯೇ ಬೇಕೆನ್ನುವವರು ರಾತ್ರಿ ದೀಪ ಹಚ್ಚಿ ಹೊರಗೆ ನಿಂತು ಒಮ್ಮೆ ಪರೀಕ್ಷಿಸಲಿ. ಗ್ಯಾಸಿನ ಗೀಸರಂತೂ ಬಚ್ಚಲಿನ ಹೊರಗೆಯೇ ಇರಲಿ.

ಹಳ್ಳಿಗೆ ಬೇಕಾದದ್ದು ಇದಕ್ಕಿಂತ ಸುಲಭ. ನಾಲ್ಕು ಗೋಡೆ, ಒಳಗಿನಿಂದ ಅಗಣಿ ಬೀಳುವ ಒಂದು ಬಾಗಿಲು, ಮೇಲೊಂದು ಮಾಡು, ಮಾಡಿನ ಕೆಳಗೆ ಇಟ್ಟಿಗೆ ಬಿಟ್ಟು ಕಟ್ಟಿದ ಗಾಳಿಕಿಂಡಿ, ನೀರು ಹರಿದುಹೋಗಲು ಒಂದು ಗಟಾರ. ಶಹಾಬಾದಿನ ಕಲ್ಲು ಇಲ್ಲಿಯ ನೆಲದ್ದೇ. ಮನೆ ಕಟ್ಟಿಸುವ ಯಾವ ಸರಕಾರಿ ಯೋಜನೆಯೇ ಆಗಲಿ, ಈ ಐದು ಇಲ್ಲದ ಮನೆಯನ್ನು ಪೂರ್ಣವಾಯಿತೆಂದು ಬರೆದುಕೊಳ್ಳಬಾರದು. ಬಿಲ್ಲಿಗೆ ಸಹಿ ಹಾಕುವ ಅಧಿಕಾರಿ ಮೊದಲು ಆ ಬಚ್ಚಲಿನೊಳಗೆ ಹೋಗಿ ಬಾಗಿಲು ಹಾಕಿಕೊಂಡು ಸುತ್ತ ನೋಡಲಿ. ಹೊರಗಿನವರು ತನಗೆ ಕಂಡರೆ, ತಾನೂ ಅವರಿಗೆ ಕಾಣುತ್ತೇನೆಂದು ತಿಳಿದು ಪೆನ್ನನ್ನು ಜೇಬಿಗೆ ಇಟ್ಟುಕೊಳ್ಳಲಿ.

ನಗರದ ಓದುಗರೇ, ನೀವು ಪರದೆಯ ಬಣ್ಣವನ್ನು ನಿಮಗೆ ಬಂದಂತೆ ಆರಿಸಿಕೊಳ್ಳಿ, ಅದರಲ್ಲಿ ನನ್ನ ತಕರಾರಿಲ್ಲ. ಅದಕ್ಕೆ ಮೊದಲು ಕಿಟಕಿಗೆ ಅಂಟಿಸಿದ ಪತ್ರಿಕೆಯನ್ನು ಕಿತ್ತು ಗಾಳಿಗೆ ದಾರಿ ಮಾಡಿ. ಆಮೇಲೆ, ನಿಮ್ಮ ಮನೆಯ ಪಾತ್ರೆ ತೊಳೆಯುವ ಹೆಣ್ಣುಮಗಳು ಎಷ್ಟು ಹೊತ್ತಿಗೆ, ಎಲ್ಲಿ ಜಳಕ ಮಾಡುತ್ತಾಳೆಂದು ಮನೆಯ ಹೆಂಗಸರು ಒಮ್ಮೆ ವಿಚಾರಿಸಿ ನೋಡಲಿ. ಕಡಗಂಚಿಯ ತನಕ ಹೋಗುವ ಅಗತ್ಯವೇ ಬೀಳದಿದ್ದೀತು.