ತೆರೆದ ಕಸ ಮತ್ತು ಅಹಿಂಸಾಣುವ್ರತ

ಬೀದಿನಾಯಿಗಳಿಗೆ ಗೊತ್ತುಪಡಿಸಿದ ಸ್ಥಳದಲ್ಲಿ ಮಾತ್ರ ಆಹಾರ ನೀಡಬೇಕೆಂದು ಸುಪ್ರೀಂ ಕೋರ್ಟ್ 2025ರ ಆಗಸ್ಟ್ 22ರಂದು ಆದೇಶಿಸಿತು. ಆದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಂತಹ ಪಟ್ಟಣಗಳಲ್ಲಿ ನಾಯಿ, ಹಂದಿ, ದನಗಳನ್ನು ಓಣಿಗೆ ಕರೆಯುವುದು ನಾವೇ ಚೆಲ್ಲಿದ ಕಸ.

ಕಸವನ್ನು ಮುಚ್ಚಿಟ್ಟರೆ ಮೂಕಪ್ರಾಣಿಯ ಅನ್ನ ಕಸಿದಂತಾಗದೇ? ಅಧೀನ ಪ್ರಾಣಿಗೆ ಅನ್ನಪಾನ ತಡೆಯುವುದನ್ನು ತತ್ತ್ವಾರ್ಥಸೂತ್ರವು ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಎಣಿಸಿದೆ, ನಿಜ. ಆದರೆ ಪ್ಲಾಸ್ಟಿಕ್, ಗಾಜಿನ ಚೂರು ಬೆರೆತದ್ದು ಅನ್ನವಲ್ಲ. ಹಾಗೆ ಬಿಸಾಡುವುದು ಪ್ರಮಾದಚರ್ಯೆಯೆಂಬ ಅನರ್ಥದಂಡ. ಮುನಿಗಳು ಉತ್ಸರ್ಗ ಸಮಿತಿಯನ್ನು ಪಾಲಿಸಿ, ಮಲಮೂತ್ರವನ್ನೂ ನಿರ್ಜಂತುಕ ನೆಲ ನೋಡಿಯೇ ವಿಸರ್ಜಿಸುತ್ತಾರೆ. ಶ್ರಾವಕರೂ ಹಸಿಕಸವನ್ನು ಬೇರ್ಪಡಿಸಿ, ಭದ್ರ ಮುಚ್ಚಳದ ಡಬ್ಬಿಯಲ್ಲಿಟ್ಟು, ಗಾಡಿ ಬಂದಾಗಲೇ ಒಪ್ಪಿಸಲಿ. ಕಲ್ಲು, ಬಡಿಗೆ, ವಿಷ ಸಲ್ಲವು. ಕೊಡುವುದಾದರೆ ಅಂದಿನ ರೊಟ್ಟಿಯನ್ನೇ ಶುಚಿಯಾಗಿ, ಗೊತ್ತಾದ ಸ್ಥಳದಲ್ಲಿ ಕೊಡೋಣ.